ಕಾಫಿಯಲ್ಲಿ ಸಿನಿಮಾ ರೀಲು ತೊಳೀತೀಯಂತೆ, ಹೌದಾ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿರಲಿ, ಆಲ್ದೂರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರಲಿ, ಗೊತ್ತಿದ್ದವರು ಸಿಕ್ಕರೆ ನನ್ನನ್ನು ಕೇಳೋದು ಒಂದೇ. "ಅದೇನೋ ಕಾಫಿಯಲ್ಲಿ ಸಿನಿಮಾ ರೀಲು ತೊಳೀತೀಯಂತಲ್ಲೋ ಮಾರಾಯ, ಹೌದಾ?" ಹೌದು ಅಂದ ಕೂಡಲೇ ಎರಡನೇ ಪ್ರಶ್ನೆ. "ಅರೇಬಿಕಾನೋ, ರೋಬಸ್ಟಾನೋ?" ಚಿಕ್ಕಮಗಳೂರಲ್ವಾ, ಅಷ್ಟು ಕೇಳದೆ ಬಿಡುತ್ತಾರಾ?

ಒಂದು ಸಲ ಬರೆದಿಟ್ಟರೆ ಕೇಳಿದವರಿಗೆಲ್ಲ ಇದನ್ನೇ ತೋರಿಸಬಹುದು ಅಂತ ಕೂತಿದ್ದೇನೆ. ತೊಳೆಯೋದು ಅಂದರೆ ಕ್ಯಾಮೆರಾದಲ್ಲಿ ಓಡಿಸಿದ ರೀಲಿನ ಮೇಲೆ ಚಿತ್ರ ಮೂಡಿಸೋದು. ಉತ್ತರ ಇಷ್ಟೇ: ತೊಳೆಯಬಹುದು, ಮನೆಯಲ್ಲೇ ತೊಳೆಯಬಹುದು. ಕಾಫಿಯದ್ದು ಸುಲಭದ ಕೆಲಸ. ಪ್ರಾಣ ತಿನ್ನೋದು ರೀಲಿನ ಉದ್ದ.

ನನ್ನ ಹತ್ತಿರ ಇರೋದು ಸೂಪರ್ 8 ಕ್ಯಾಮೆರಾ. ದೊಡ್ಡಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಸಾಹುಕಾರರು ತೋಟ ಮಾರಿ ಹೋಗುವಾಗ ಇದನ್ನು ಅವರ ಕೈಗೆ ಕೊಟ್ಟು ಹೋದರಂತೆ. ಸೂಪರ್ 8 ಅಂದರೆ ಕೊಡಕ್ ಕಂಪನಿ 1965ರಲ್ಲಿ ತಂದ ಸಿನಿಮಾ ಫಿಲ್ಮಿನ ಅಳತೆ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 8 ಎಂಎಂ ಅಗಲದ 15 ಮೀಟರ್ ಫಿಲ್ಮು. ಸೆಕೆಂಡಿಗೆ 18 ಚಿತ್ರದಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿಗೆ ಖಾಲಿ. ಒಟ್ಟು 3,600 ಚಿತ್ರ. ಒಂದೊಂದೂ ತೊಗರಿಬೇಳೆಯಷ್ಟು.

ಈಗ ಕಾಫಿ. ಇದು ನನ್ನ ತಲೆಯಿಂದ ಬಂದದ್ದಲ್ಲ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಅನ್ನೋ ಮೇಷ್ಟರು ತಮ್ಮ ವಿದ್ಯಾರ್ಥಿಗಳ ಜೊತೆ ಮಾಡಿ ನೋಡಿದ್ದು. ಕೆಫೆನಾಲ್ ಅಂತ ಹೆಸರು. ಹೆಸರು ಹಾಗಿದ್ದರೂ ಕೆಲಸ ಮಾಡೋದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲದ ಜಾತಿಯ ವಸ್ತುಗಳು. ಅವು ರೋಬಸ್ಟಾದಲ್ಲಿ ಜಾಸ್ತಿ. ಇದನ್ನು ಹೇಳಿದರೆ ಅರೇಬಿಕಾ ಬೆಳೆಯುವ ನಮ್ಮ ಮಾವ ಮುಖ ಸಿಂಡರಿಸುತ್ತಾರೆ. ಏನು ಮಾಡೋದು, ಫಿಲ್ಮಿಗೆ ಪರಿಮಳ ಗೊತ್ತಾಗಲ್ಲ.

ಒಂದು ಲೀಟರ್ ನೀರಿಗೆ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. ನೀರು 20 ಡಿಗ್ರಿ, ಸಮಯ 15 ನಿಮಿಷ. ಫಿಲ್ಟರ್ ಡಿಕಾಕ್ಷನ್ ಬೇಡ. ಅದರ ಗಟ್ಟಿತನ ದಿನಕ್ಕೊಂದು ಥರ. ಕಾಫಿ ಪುಡಿ ತರುವಾಗ ಪ್ಯಾಕೆಟ್ ತಿರುಗಿಸಿ ಓದಿ. ನಮ್ಮಲ್ಲಿ ಸಿಗುವ ಎಷ್ಟೋ ಪುಡಿಗಳಿಗೆ ಚಿಕೋರಿ ಬೆರೆಸಿರುತ್ತಾರೆ, ಚಿಕೋರಿ ಇದ್ದಷ್ಟೂ ಕಾಫಿ ಕಡಿಮೆ. ಸುತ್ತಲೂ ಕಾಫಿ ತೋಟ ಇಟ್ಟುಕೊಂಡು ಅಂಗಡಿಯಿಂದ ಬಾಟಲಿ ಪುಡಿ ತರೋದು ನಾಚಿಕೆಗೇಡು, ಒಪ್ಪುತ್ತೇನೆ.

ಸೋಡಾದಲ್ಲಿ ನಾನು ಎರಡು ಸಲ ಎಡವಿದ್ದೇನೆ. ಮೊದಲ ಸಲ ಅಡುಗೆ ಸೋಡಾ ಹಾಕಿದೆ. ಅದರ ಕ್ಷಾರ ಸಾಲದು, ಒಂದು ಚಿತ್ರವೂ ಬರಲಿಲ್ಲ. ಎರಡನೇ ಸಲ ಹರಳಿನ ವಾಷಿಂಗ್ ಸೋಡಾ ತಂದು ಅದೇ 54 ಗ್ರಾಂ ತೂಗಿದೆ. ಹರಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ! 146 ಗ್ರಾಂ ಹಾಕಬೇಕಿತ್ತು. ಈಗ ಅಡುಗೆ ಸೋಡಾವನ್ನೇ ಬಾಣಲೆಯಲ್ಲಿ ಚೆನ್ನಾಗಿ ಹುರಿಯುತ್ತೇನೆ. ನೀರೂ ಗಾಳಿಯೂ ಹೋಗಿ ಪುಡಿ ವಾಷಿಂಗ್ ಸೋಡಾ ಉಳಿಯುತ್ತದೆ. ವಿಟಮಿನ್ ಸಿ ಪುಡಿಯೇ ಬೇಕು, ಮಾತ್ರೆ ಬೇಡ, ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಇರುತ್ತದೆ. ಮೊದಲು ನಾನೂ 500 ಮಿಲಿಗ್ರಾಂನ 64 ಮಾತ್ರೆ ಕೇಳಿದ್ದೆ, ಎರಡು ಲೀಟರಿಗೆ. ಮೆಡಿಕಲ್ ಶಾಪಿನವರು "ಯಾರಿಗೆ ಸಾರ್ ಇಷ್ಟೊಂದು ನೆಗಡಿ?" ಅಂದರು.

ವಾಸನೆ ಬಗ್ಗೆ ಹೇಳಲೇಬೇಕು. ಇದು ಕಾಫಿ ವಾಸನೆ ಅಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ನಿಂತು ಕೊಳೆತ ಹೊಂಡದ ಹತ್ತಿರ ಹೋದವರಿಗೆ ಅಂದಾಜಾಗುತ್ತದೆ.

ಇನ್ನು ಆ ಉದ್ದ. 15 ಮೀಟರ್ ಫಿಲ್ಮನ್ನು ಗವ್ವೆನ್ನುವ ಕತ್ತಲಲ್ಲಿ ಡಬ್ಬಿ ಒಡೆದು ತೆಗೆಯಬೇಕು, ಅದೂ ಒಂದಕ್ಕೊಂದು ಅಂಟದ ಹಾಗೆ. ನಾನು ಹಾಕುವ ಕಪ್ಪು ಬಿಳುಪು ಫಿಲ್ಮಿಗೆ ಎಲ್ಲ ಬಣ್ಣದ ಬೆಳಕೂ ತಾಗುತ್ತದೆ. ಹಾಗಾಗಿ ಸಿನಿಮಾದಲ್ಲಿ ತೋರಿಸುವ ಕೆಂಪು ದೀಪವೂ ನಡೆಯಲ್ಲ. ನಮ್ಮದು ಹೆಂಚಿನ ಬಚ್ಚಲು ಮನೆ. ಹಗಲು ಬಾಗಿಲು ಹಾಕಿದರೆ ಕತ್ತಲೆ ಅನ್ನಿಸುತ್ತದೆ. ಹತ್ತು ನಿಮಿಷ ಕೂತು ನೋಡಿ, ಹೆಂಚಿನ ಸಂದಿಗಳೆಲ್ಲ ನಕ್ಷತ್ರದ ಹಾಗೆ ಹೊಳೆಯುತ್ತವೆ. ಅದಕ್ಕೇ ರಾತ್ರಿ ಕೆಲಸ.

ಮೊದಲ ರೀಲನ್ನು ಬಕೆಟ್ಟಿಗೆ ಸುರಿದು ಶಾವಿಗೆ ಥರ ಕಲಸಿದ್ದೆ. ಕೆಲವರು ಬೇಕಂತಲೇ ಹಾಗೆ ಮಾಡುತ್ತಾರೆ, ಕಲೆ ಅನ್ನುತ್ತಾರೆ. ನನಗೆ ಬರೀ ಕಲೆಗಳೇ ಸಿಕ್ಕವು. ಆಮೇಲೆ ಮಾಡಿನ ನೀರಿಗೆ ಹಾಕಿ ಉಳಿದಿದ್ದ 110 ಎಂಎಂ ಪಿವಿಸಿ ಪೈಪು ಕಣ್ಣಿಗೆ ಬಿತ್ತು. ಅದರ ಸುತ್ತಳತೆ 34 ಸೆಂಟಿಮೀಟರ್ ಚಿಲ್ಲರೆ. 15 ಮೀಟರಿಗೆ 44 ಸುತ್ತು. ಒಂದೊಂದು ಸುತ್ತಿಗೆ ಒಂದು ಸೆಂಟಿಮೀಟರ್ ಜಾಗ ಹಿಡಿದರೂ ಎರಡಡಿ ಪೈಪು ಧಾರಾಳ. ಚಿತ್ರ ಮೂಡುವ ಮದ್ದು ಬಳಿದ ಮುಖ ಹೊರಗೆ ಬರುವ ಹಾಗೆ ಸುತ್ತುತ್ತೇನೆ. ಕತ್ತಲಲ್ಲಿ ಗೊತ್ತಾಗಲು ತುದಿಯನ್ನು ಒದ್ದೆ ತುಟಿಗೆ ತಾಗಿಸಿದರೆ ಸಾಕು, ಅಂಟಿದ್ದು ಮದ್ದಿನ ಮುಖ. ಕೊನೆಗೆ ರಬ್ಬರ್ ಬ್ಯಾಂಡ್. ನೆನೆದಾಗ ಫಿಲ್ಮು ಸ್ವಲ್ಪ ಸಡಿಲ ಆಗುತ್ತದೆ, ರಬ್ಬರ್ ಎಳೆದು ಹಿಡಿಯುತ್ತದೆ. ಇನ್ನೊಂದು ದಪ್ಪ ಪೈಪನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿದ್ದೇನೆ. ಎರಡು ಲೀಟರ್ ಹಿಡಿಸುತ್ತದೆ. ಅದರಲ್ಲಿ ಪೈಪನ್ನು ತಿರುಗಿಸುತ್ತಾ ಕೂರೋದು.

ಮೊಬೈಲ್ ಒಳಗೆ ತರುವ ಹಾಗಿಲ್ಲ. ಅಮ್ಮ ಹೊರಗಿನಿಂದ "ಹದಿನೈದಾಯ್ತೋ" ಅಂತ ಕೂಗುತ್ತಾಳೆ. ಒಮ್ಮೆ ಧಾರಾವಾಹಿಯಲ್ಲಿ ಏನೋ ರಂಪ ನಡೆದು ಇಪ್ಪತ್ತೆರಡಾಯಿತು. ಆ ರೀಲು ಇವತ್ತಿಗೂ ಮಸಿ ಬಳಿದ ಹಾಗಿದೆ.

ಕಾಫಿ ಆದ ಮೇಲೆ ನೀರು, ಆಮೇಲೆ ಹೈಪೋ, ಅಂದರೆ ಚಿತ್ರ ಬೆಳಕಿಗೆ ಕೆಡದ ಹಾಗೆ ನಿಲ್ಲಿಸುವ ರಾಸಾಯನಿಕ. ಇದಕ್ಕೆ ಅಡುಗೆಮನೆ ಸಾಮಾನು ಆಗಲ್ಲ, ಅಂಗಡಿಯಿಂದಲೇ ತರಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ. ಮೋರಿಗೆ ಬಿಡಬೇಡಿ. ಹೇಮಾವತಿ ಹುಟ್ಟೋದು ನಮ್ಮದೇ ಜಿಲ್ಲೆಯ ಜಾವಳಿಯಲ್ಲಿ, ಕೆಳಗಿನವರು ಅದೇ ನೀರು ಕುಡಿಯುತ್ತಾರೆ. ನಾನು ಕ್ಯಾನಿಗೆ ತುಂಬಿ ಸ್ಟೀಲ್ ಉಲ್ಲನ್ ಹಾಕಿಡುತ್ತೇನೆ, ಬೆಳ್ಳಿ ಕಪ್ಪು ಕೆಸರಾಗಿ ಅದಕ್ಕೆ ಹಿಡಿಯುತ್ತದೆ.

ಒಣಗಿಸೋದು ಮಲೆನಾಡಿನ ಕರ್ಮ. ಜೂನ್‌ನಲ್ಲಿ ಒಂದು ಸಲ ನಡುಮನೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿದೆ. ಎರಡು ದಿನವಾದರೂ ಅಂಟಂಟು. ಮೂರನೇ ರಾತ್ರಿ ದೀಪಕ್ಕೆ ಬಂದ ಗೆದ್ದಲು ಹುಳಗಳ ರೆಕ್ಕೆ ಉದ್ದಕ್ಕೂ ಮೆತ್ತಿಕೊಂಡಿತು. ಬೇಳೆಯಷ್ಟು ಚಿತ್ರದ ಮೇಲೆ ರೆಕ್ಕೆ ಕೂತರೆ ಪರದೆ ಮೇಲೆ ಬಾಳೆ ಎಲೆಯಷ್ಟಾಗುತ್ತದೆ. ಹಂಡೆ ಒಲೆ ಹತ್ತಿರ ಇಟ್ಟರೆ ಬೂದಿ ಮೆತ್ತುತ್ತದೆ. ಈಗ ಮಳೆಗಾಲದ ರೀಲುಗಳೆಲ್ಲ ಫ್ರಿಜ್ಜಿನಲ್ಲಿ ಕೂರುತ್ತವೆ, ಜನವರಿಯಲ್ಲಿ ತೊಳೆಯುತ್ತೇನೆ. ಆಗ ನಲ್ಲಿ ನೀರೂ ಹೆಚ್ಚು ಕಡಿಮೆ 20 ಡಿಗ್ರಿಗೇ ಇರುತ್ತದೆ.

ಬರೋದು ನೆಗೆಟಿವ್. ಕಣದಲ್ಲಿ ಕಾಫಿ ಹರಡುತ್ತಿದ್ದ ಅಜ್ಜಿಯ ರೀಲನ್ನು ಕಿಟಕಿಗೆ ಹಿಡಿದು ತೋರಿಸಿದೆ. ಬಿಳಿ ಕೂದಲೆಲ್ಲ ಕಪ್ಪು. "ಹಿಂಗೇ ಇರಲಿ ಬಿಡೋ" ಅಂದರು. ಆಮೇಲೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಅದಲುಬದಲು ಮಾಡಿದೆ. ನೇರವಾಗಿ ಪರದೆಗೆ ಬಿಡುವ ಪಾಸಿಟಿವ್ ಬೇಕಾದರೆ ಆಸಿಡ್ಡು, ಪರ್ಮಾಂಗನೇಟು ಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ನನಗೆ ಆ ಉಸಾಬರಿ ಬೇಡ.

ಕೊನೆಗೆ ಯಾರಾದರೂ ಕೇಳೇ ಕೇಳುತ್ತಾರೆ: "ನಮ್ಮ ಅಟ್ಟದಲ್ಲೂ ಒಂದು ಡಬ್ಬಿ ಇದೆ, ತೊಳೆದುಕೊಡ್ತೀಯಾ?" ಡಬ್ಬಿ ಮೇಲೆ ಕೊಡಕ್ರೋಮ್ ಅಂತಿದ್ದರೆ ಬಣ್ಣದ ಆಸೆ ಬಿಡಿ. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸ್‌ನದು, ಹೊಸ ರೀಲು ತಗೊಳ್ಳೋದನ್ನು 2010ರ ಡಿಸೆಂಬರ್ 30ಕ್ಕೆ ನಿಲ್ಲಿಸಿತು. ಕಪ್ಪು ಬಿಳುಪಿನಲ್ಲಿ ಏನಾದರೂ ಬರಬಹುದು. ಹಿಂಬದಿಗೆ ಬಳಿದಿರುವ ಕಪ್ಪು ಮಸಿಯನ್ನು ವಾಷಿಂಗ್ ಸೋಡಾ ನೀರಿನಲ್ಲಿ ಉಜ್ಜಿ ತೆಗೆಯಬೇಕು, ಕೈಯೆಲ್ಲ ಮಸಿ. ದೊಡ್ಡಪ್ಪನ ಕ್ಯಾಮೆರಾದೊಳಗೇ ಅಂಥದ್ದೊಂದು ಉಳಿದಿತ್ತು. ತೊಳೆದೆ. ಮೂರು ನಿಮಿಷವೂ ಮಂಜು, ನಡುವೆ ಹತ್ತು ಸೆಕೆಂಡು ಮಾತ್ರ ಕೊಡೆ ಹಿಡಿದ ಒಬ್ಬ ಮನುಷ್ಯ ಗೇಟಿನ ಹತ್ತಿರ ನಿಂತು ಈ ಕಡೆ ನೋಡುತ್ತಾನೆ. ದೊಡ್ಡಪ್ಪ ತಾನಲ್ಲ ಅನ್ನುತ್ತಾರೆ. ದೊಡ್ಡಮ್ಮ ಮಾತ್ರ ಕೊಡೆ ನೋಡಿ ಗುರುತು ಹಿಡಿದಳು.