ಗೂಡ್ಸ್ ಗಾಡಿ ಬಗ್ಗೆ ಎಲ್ಲಿಂದ ಕಲಿಯೋದು? ನನ್ನ ಉತ್ತರ

ನನಗೆ ರೈಲಿನ ಹುಚ್ಚಿದೆ ಅಂತ ಗೊತ್ತಾದವರು ಕೇಳುವುದು ಹೆಚ್ಚಾಗಿ ಇದನ್ನೇ: ‘ಗೂಡ್ಸ್ ಡಬ್ಬಿಗಳ ಮೇಲೆ ಏನೇನೋ ಅಕ್ಷರ, ನಂಬರು ಬರೆದಿರ್ತಾರಲ್ಲ, ಅದನ್ನೆಲ್ಲ ಎಲ್ಲಿಂದ ಕಲಿಯೋದು?’

ಸುಮಾರು ಜನ ಎಂಜಿನ್‌ನಿಂದ ಶುರು ಮಾಡುತ್ತಾರೆ. ಬೇಡ. ಎಂಜಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ಅದರ ಹಿಂದೆ ಐವತ್ತಕ್ಕೂ ಜಾಸ್ತಿ ವ್ಯಾಗನ್ ಬರುತ್ತವೆ, ಆರಾಮಾಗಿ ಓದಬಹುದು. ಒಂದೊಂದನ್ನು ನೋಡುವಾಗಲೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದರಲ್ಲಿರುವ ಮಾಲನ್ನು ಇಳಿಸುವುದು ಹೇಗೆ?

ಕಲ್ಲಿದ್ದಲನ್ನೇ ನೋಡಿ. ಅದು ಬಾಕ್ಸ್‌ಎನ್ (BOXN) ವ್ಯಾಗನ್‌ನಲ್ಲೂ ಬರುತ್ತದೆ, ಬಿಒಬಿಆರ್‌ಎನ್‌ನಲ್ಲೂ ಬರುತ್ತದೆ. ಬಾಕ್ಸ್‌ಎನ್ ಅಂದರೆ ಮೇಲೆ ಮುಚ್ಚಳವಿಲ್ಲದ, ಎತ್ತರದ ಗೋಡೆಯ ವ್ಯಾಗನ್. ವಿದ್ಯುತ್ ಸ್ಥಾವರದಲ್ಲಿ ಇದನ್ನು ಟಿಪ್ಲರ್ ಅನ್ನುವ ಯಂತ್ರ ಹಿಡಿದುಕೊಂಡು, ವ್ಯಾಗನ್ ಸಮೇತ ಮಗುಚಿ ಸುರಿಯುತ್ತದೆ. ಬಿಒಬಿಆರ್‌ಎನ್‌ಗೆ ಆ ಸರ್ಕಸ್ ಬೇಕಿಲ್ಲ. ಅದರ ಒಳಗೋಡೆ ಇಳಿಜಾರಾಗಿದೆ, ಬಾಗಿಲು ತಳದಲ್ಲಿದೆ. ಹಳಿಯ ಕೆಳಗಿನ ಗುಂಡಿಯ ಮೇಲೆ ಬಂದಾಗ ಗಾಳಿಯ ಒತ್ತಡದಿಂದ ಬಾಗಿಲು ತೆರೆಯುತ್ತದೆ, ಕಲ್ಲಿದ್ದಲು ತಾನೇ ಜಾರಿ ಬೀಳುತ್ತದೆ. ಇಳಿಸುವ ಜಾಗದಲ್ಲಿ ಯಾವ ವ್ಯವಸ್ಥೆ ಇದೆಯೋ ಅದಕ್ಕೆ ಹೊಂದುವ ವ್ಯಾಗನ್ ಬೇಕು, ಅಷ್ಟೇ.

ಇಷ್ಟು ತಿಳಿದರೆ ಅಕ್ಷರಗಳು ಹೆದರಿಸುವುದಿಲ್ಲ. ಮೊದಲ ‘ಬಿ’ ಅಂದರೆ ಬೋಗಿ; ಇಲ್ಲಿ ಡಬ್ಬಿಯಲ್ಲ, ಅದರ ಕೆಳಗಿನ ಗಾಲಿಗಳ ಚೌಕಟ್ಟು. ‘ಒ’ ಇದ್ದರೆ ಓಪನ್, ‘ಸಿ’ ಇದ್ದರೆ ಮುಚ್ಚಿದ್ದು. ಹಾಗಾಗಿ ಅಕ್ಕಿ, ಗೊಬ್ಬರ, ಸಿಮೆಂಟ್ ಮೂಟೆಗೆ ಬಿಸಿಎನ್. ಬಿಟಿಪಿಎನ್ ಪೆಟ್ರೋಲು, ಡೀಸೆಲ್ ಹೊರುವ ಟ್ಯಾಂಕು. ಬಿಆರ್‌ಎನ್ ಚಪ್ಪಟೆ ವ್ಯಾಗನ್. ಸುರತ್ಕಲ್‌ನಿಂದ ಕೊಂಕಣ ರೈಲ್ವೆಯಲ್ಲಿ ಲಾರಿಗಳೇ ರೈಲು ಹತ್ತಿ ಹೋಗುತ್ತವಲ್ಲ, ಅದು ಇದರ ಮೇಲೆಯೇ. ಇನ್ನು ವ್ಯಾಗನ್ ಮೇಲಿನ 11 ಅಂಕಿಯ ನಂಬರಿನಲ್ಲಿ ಮೊದಲೆರಡು ವ್ಯಾಗನ್ ಬಗೆ, ಮುಂದಿನೆರಡು ಯಾವ ರೈಲ್ವೆಯದು, ಆಮೇಲಿನೆರಡು ತಯಾರಾದ ವರ್ಷ.

ಕೊನೆಯ ‘ಎನ್’ ಏರ್ ಬ್ರೇಕಿನ ಗುರುತು. ನನಗೆ ಇದೇ ಬಲು ಇಷ್ಟದ ವಿಷಯ. ಗಾಡಿಯ ಉದ್ದಕ್ಕೂ ಹರಿಯುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ ಇಟ್ಟಿರುತ್ತಾರೆ. ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಆದರೆ ನಡುವೆ ಕಪ್ಲಿಂಗ್ (ವ್ಯಾಗನ್ ಜೋಡಿಸುವ ಕೊಂಡಿ) ತುಂಡಾದರೆ ಪೈಪೂ ಕಿತ್ತುಹೋಗಿ, ಗಾಳಿ ಸೋರಿ, ಎರಡೂ ಭಾಗಕ್ಕೆ ತಾನಾಗಿಯೇ ಬ್ರೇಕ್ ಬೀಳುತ್ತದೆ. ಹಿಂದೆ ನೇತಾಡುವ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಡಬ್ಬಿ) ಫಲಕವೂ ಸುಮ್ನೆ ಅಲ್ಲ. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ, ಯಾವ ವ್ಯಾಗನ್ನೂ ಹಿಂದೆ ಉಳಿದಿಲ್ಲ ಅಂತ ಸ್ಟೇಷನ್ ಮಾಸ್ಟರಿಗೆ ಖಾತ್ರಿ.

ಈಗ ಎಂಜಿನ್. ಡಬ್ಲ್ಯುಡಿಜಿ-4ರಲ್ಲಿ ‘ಡಬ್ಲ್ಯು’ ಬ್ರಾಡ್‌ಗೇಜ್ (ಅಗಲ ಹಳಿ), ‘ಡಿ’ ಡೀಸೆಲ್, ‘ಜಿ’ ಗೂಡ್ಸ್. ಡಬ್ಲ್ಯುಎಜಿ-9ರ ‘ಎ’ ಅಂದರೆ ಎಸಿ ಕರೆಂಟು. ಇಂಥ ಎಂಜಿನ್‌ಗಳ ತಾಕತ್ತು ನೋಡಬೇಕಿದ್ದರೆ ಕರ್ನಾಟಕ-ಗೋವಾ ಗಡಿಯ ಕ್ಯಾಸಲ್‌ರಾಕ್–ಕುಳೆಂ ಘಾಟಿಯೇ ಸರಿ. ಅಲ್ಲಿ 37 ಅಡಿಗೆ ಒಂದಡಿ ಏರು. ಮರ್ಮಗೋವಾ ಬಂದರಿನಿಂದ ಹೊಸಪೇಟೆ ಕಡೆಗೆ ಕಲ್ಲಿದ್ದಲು ಹೊತ್ತು ಬರುವ ಗಾಡಿಯನ್ನು ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳೂ ತಳ್ಳುತ್ತವೆ. ಎಂಜಿನ್ ಎಷ್ಟು ಅಂತ ಲೆಕ್ಕ ಹಾಕಲು ಅಲ್ಲಿ ಬಾಲ ಬರುವವರೆಗೂ ಕಾಯಬೇಕು.