ಟ್ಯೂನಾ ನಕ್ಷೆ: ಚುಕ್ಕಿ ಕೊನೆಗೂ ಪೆಸಿಫಿಕ್‌ಗೆ ಬಂತು

ಕಳೆದ ಸಲ ಬರೆದಾಗ ಕೈಯಲ್ಲಿದ್ದದ್ದು ಟ್ಯೂನಾ ಮೀನು ಎಲ್ಲಿ ಎಷ್ಟು ಸಿಕ್ಕಿತು ಅನ್ನೋ ಲೆಕ್ಕದ ಬರೀ ಕಡತಗಳು. ಈಗ ಓಡುವ ನಕ್ಷೆ ಇದೆ. ಆದರೆ ನಡುವೆ ಎರಡು ವಾರ ಸುಮ್ನೆ ಹಾಳಾದವು. ಆ ಕತೆಯನ್ನೂ ಬರೆದಿಡುತ್ತೇನೆ.

ನನಗೆ ಬೇಕಾಗಿದ್ದದ್ದು ಇಷ್ಟೇ. ಒಂದು ತಿಂಗಳಲ್ಲಿ ಹಿಡಿದ ಟ್ಯೂನಾ ಎಲ್ಲೆಲ್ಲಿ ಸಿಕ್ಕಿತು ಅಂತ ನೋಡಿ, ತೂಕದ ಲೆಕ್ಕದಲ್ಲಿ ಅದರ ನಡುಬಿಂದು ಕಂಡುಹಿಡಿಯೋದು, ಅಲ್ಲಿ ಒಂದು ಚುಕ್ಕಿ ಇಡೋದು. ಪೂರ್ವದಲ್ಲಿ ಜಾಸ್ತಿ ಮೀನು ಸಿಕ್ಕರೆ ಚುಕ್ಕಿ ಪೂರ್ವಕ್ಕೆ ಸರಿಯುತ್ತದೆ, ಅಲ್ವಾ? ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್ ಮೀನುಗಾರಿಕಾ ಆಯೋಗದ ಲೆಕ್ಕ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜಗತ್ತಿನ ಟ್ಯೂನಾದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ನೀರಿನಿಂದ ಬರುತ್ತದೆ, ಹಾಗಾಗಿ ಇಲ್ಲಿಂದಲೇ ಶುರು ಮಾಡಿದೆ. 5 ಡಿಗ್ರಿ ಚೌಕ, ತಿಂಗಳವಾರು ಲೆಕ್ಕ, ಪರ್ಸಿನ್ ಬಲೆಯ (ಹಿಂಡನ್ನು ಸುತ್ತುವರಿದು ಕೆಳಗಿನಿಂದ ಬಿಗಿಯುವ ದೊಡ್ಡ ಬಲೆ) ಹಡಗುಗಳು ಮಾತ್ರ. ಮೀನು ಬಹುಪಾಲು ಸ್ಕಿಪ್‌ಜಾಕ್ ಅನ್ನೋ ಟ್ಯೂನಾ ಜಾತಿ.

ಮೊದಲ ಸಲ ಕೋಡ್ ಓಡಿಸಿದಾಗ ಚುಕ್ಕಿ ಸುಮಾತ್ರಾ ಹತ್ತಿರ ಬಂದು ಕೂತಿತು. ದಿಕ್ಕು ತಪ್ಪಿದ ಮೀನು ಅಂತ ನಕ್ಕು ಮುಂದೆ ಹೋದೆ. 2015ರ ಚುಕ್ಕಿ ಇನ್ನೂ ಪಶ್ಚಿಮಕ್ಕೆ ಜಾರಿ ಹಿಂದೂ ಮಹಾಸಾಗರದ ನಡುವೆ ನಿಂತಾಗ ನಗು ನಿಂತಿತು. 2015 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್‌ನ ಬಿಸಿ ನೀರು ಪೂರ್ವಕ್ಕೆ ಹರಡುವ ವರ್ಷ. ಆ ವರ್ಷ ಚುಕ್ಕಿ ಪೂರ್ವಕ್ಕೆ ಹೋಗಬೇಕಿತ್ತು!

ತಪ್ಪು ಸಣ್ಣದು. ರೇಖಾಂಶದಲ್ಲಿ 175 ಡಿಗ್ರಿ ಪೂರ್ವವನ್ನು +175, 175 ಡಿಗ್ರಿ ಪಶ್ಚಿಮವನ್ನು -175 ಅಂತ ಬರೆದಿದ್ದೆ. ನಕ್ಷೆಯಲ್ಲಿ ಎರಡೂ ಅಕ್ಕಪಕ್ಕ, ಸರಾಸರಿ ಮಾತ್ರ ಸೊನ್ನೆ! ಪೂರ್ವದಲ್ಲಿ ಮೀನು ಹೆಚ್ಚಾದಷ್ಟೂ ನನ್ನ ಚುಕ್ಕಿ ಪಶ್ಚಿಮಕ್ಕೆ ಓಡುತ್ತಿತ್ತು. ಮೈನಸ್ ಇದ್ದ ಕಡೆಯೆಲ್ಲ 360 ಕೂಡಿಸಿದೆ, ಸರಿಹೋಯಿತು. ಒಂದೇ ಸಾಲಿನ ಕೋಡ್. ಜೊತೆಗೆ ಇನ್ನೊಂದು: ಕಡತದಲ್ಲಿ ಕೊಟ್ಟಿರೋದು ಚೌಕದ ನೈಋತ್ಯ ಮೂಲೆ, ನಡುಭಾಗ ಅಲ್ಲ. ಅದಕ್ಕೆ 2.5 ಡಿಗ್ರಿ ಸೇರಿಸಬೇಕು.

ಈಗ ಚುಕ್ಕಿ ನೋಡಲು ಚೆಂದ. ಲಾ ನಿನಾ (ಎಲ್ ನಿನೊಗೆ ತದ್ವಿರುದ್ಧ) ವರ್ಷಗಳಲ್ಲಿ ಪಶ್ಚಿಮದ ಪಪುವಾ ನ್ಯೂಗಿನಿ ಕಡೆಗೆ ಒತ್ತಿಕೊಂಡಿರುತ್ತದೆ, ಎಲ್ ನಿನೊ ಬಂದಾಗ ಪೂರ್ವದ ದ್ವೀಪದೇಶ ಕಿರಿಬಾಸ್ ಕಡೆಗೆ ನಡೆಯುತ್ತದೆ. ಕಾರಣ ಬಿಸಿ ನೀರು. ಪಶ್ಚಿಮ ಪೆಸಿಫಿಕ್‌ನಲ್ಲಿ 28-29 ಡಿಗ್ರಿ ಸೆಲ್ಸಿಯಸ್‌ನ ದೊಡ್ಡ ಮಡು ಇದೆ. ಅದರ ಪೂರ್ವದ ಅಂಚಿನಲ್ಲಿ, ಪೂರ್ವದಿಂದ ಬರುವ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಬಂದು ಸೇರುತ್ತದೆ. ಮೇವು ಅಲ್ಲಿ ಗುಡ್ಡೆಯಾಗುತ್ತದೆ, ಸ್ಕಿಪ್‌ಜಾಕ್ ಹಿಂಡು ಅಲ್ಲೇ ಸುತ್ತುತ್ತದೆ. ಪೂರ್ವದಿಂದ ಬೀಸುವ ಗಾಳಿ ಸೋತಾಗ ಮಡು ಪೂರ್ವಕ್ಕೆ ಹರಡುತ್ತದೆ, ಅಂಚೂ ಸಾವಿರಾರು ಕಿಲೋಮೀಟರ್ ಸರಿಯುತ್ತದೆ. ಮೀನು ಹಿಂದೆ, ಹಡಗು ಅದರ ಹಿಂದೆ.

ತಿಂಗಳುಗಳ ಗ್ರಾಫ್ ಮಾತ್ರ ನಿರಾಸೆ ಮಾಡಿತು. ಸಮಭಾಜಕದ ಹತ್ತಿರ ಸ್ಕಿಪ್‌ಜಾಕ್ ವರ್ಷಪೂರ್ತಿ ಮೊಟ್ಟೆ ಇಡುತ್ತದೆ, ನೀರೂ ಸದಾ ಬೆಚ್ಚಗೆ. ಹಾಗಾಗಿ ಋತು ಅಂತ ಹೇಳುವಂಥದ್ದು ಅಷ್ಟಾಗಿ ಇಲ್ಲ. ಅಂಥದ್ದರಲ್ಲಿ ಒಂದು ಗೆರೆ ಜುಲೈ ಬಂದರೆ ದಡಕ್ಕನೆ ಬೀಳುತ್ತಿತ್ತು, ಅಕ್ಟೋಬರ್‌ನಲ್ಲಿ ಎದ್ದು ನಿಲ್ಲುತ್ತಿತ್ತು. ಸಿಕ್ಕಿತು ಋತು ಅಂತ ಕುಣಿದೆ. ಆಮೇಲೆ ಕಾಲಂ ಹೆಸರು ನೋಡಿದೆ. ಅದು ತೇಲುವ ತೆಪ್ಪಗಳ ಕೆಳಗೆ ಹಿಡಿದ ಮೀನಿನ ಗೆರೆ. ಮೀನು ನೆರಳಿಗೆ ಸೇರಲಿ ಅಂತ ಹಡಗಿನವರು ಬಿಡುವ ತೆಪ್ಪ ಇದು. ಅದರ ಕೆಳಗೆ ಬಿಗ್‌ಐ ಟ್ಯೂನಾ ಮರಿಗಳೂ ಸೇರುತ್ತವೆ, ಬಲೆಗೂ ಬೀಳುತ್ತವೆ. ಹಾಗಾಗಿ ಆಯೋಗ ಬಹಳ ವರ್ಷ ಜುಲೈಯಿಂದ ಸೆಪ್ಟೆಂಬರ್‌ವರೆಗೆ ತೆಪ್ಪದ ಬೇಟೆ ನಿಲ್ಲಿಸುತ್ತಿತ್ತು. 2024ರಿಂದ ಅದು ಒಂದೂವರೆ ತಿಂಗಳಿಗೆ ಇಳಿದಿದೆ. ಹಡಗುಗಳು ಆ ದಿನಗಳಲ್ಲಿ ಬಂದರಿನಲ್ಲಿ ಕೂರುವುದಿಲ್ಲ, ತೆಪ್ಪದ ಬದಲು ತಾವಾಗಿ ಈಜಾಡುವ ಹಿಂಡುಗಳ ಹಿಂದೆ ಬೀಳುತ್ತವೆ. ನಾನು ಸಮುದ್ರದ ಋತು ಅಂದುಕೊಂಡದ್ದು ಮನುಷ್ಯರ ಕ್ಯಾಲೆಂಡರ್.

ಅನುಮಾನ ಬಂದ ಮೇಲೆ ಅಟ್ಲಾಂಟಿಕ್‌ನ ಬ್ಲೂಫಿನ್ ಟ್ಯೂನಾ ಕಡೆಗೂ ಕಣ್ಣು ಹಾಯಿಸಿದೆ. ಅದಕ್ಕೆ ನಿಜವಾದ ಋತು ಇದೆ: ಮೇ-ಜೂನ್‌ನಲ್ಲಿ ಮೊಟ್ಟೆ ಇಡಲು ಜಿಬ್ರಾಲ್ಟರ್ ದಾಟಿ ಮೆಡಿಟರೇನಿಯನ್‌ಗೆ ಬರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ನೋಡಿ ಮೀನು ಕಡಿಮೆಯಾಯಿತು, ಹೆಚ್ಚಾಯಿತು ಅನ್ನುವಂತಿಲ್ಲ. ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ 2011ರಲ್ಲಿ ಇದ್ದ ಹಿಡಿಯುವ ಮಿತಿ 12,900 ಟನ್, 2020ರಲ್ಲಿ 36,000 ಟನ್. ಗೆರೆ ಮಿತಿಯನ್ನೇ ಹಿಂಬಾಲಿಸುತ್ತದೆ.

ಉಳಿದಿರೋ ಕೆಲಸ: ಹಿಡಿದ ಟನ್ ಬದಲು ಒಂದು ಹಡಗಿಗೆ ದಿನಕ್ಕೆ ಎಷ್ಟು ಟನ್ ಅನ್ನೋ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಹಡಗು ಜಾಸ್ತಿ ಹೋದ ಕಡೆಯೇ ಮೀನು ಜಾಸ್ತಿ ಅನ್ನಿಸುತ್ತದೆ. ಖಾಲಿ ಚೌಕಗಳನ್ನೂ ಬೂದು ಬಣ್ಣಕ್ಕೆ ತಿರುಗಿಸಬೇಕು. ಮೂರಕ್ಕಿಂತ ಕಡಿಮೆ ಹಡಗು ಇದ್ದ ಚೌಕದ ಲೆಕ್ಕವನ್ನು ಆಯೋಗ ಹೊರಗೆ ಬಿಡುವುದಿಲ್ಲ. ನಾನು ಅಲ್ಲೆಲ್ಲ ಸೊನ್ನೆ ತುಂಬಿ ಕೂತಿದ್ದೆ.