ಕೋಲು, ಫೋನು, ಅಕ್ಕನ ಮೊಣಕೈ: ಕಣ್ಣು ಕಾಣದವರಿಗೆ ಬೇಲೂರು, ಹಳೇಬೀಡು

ಬೇಲೂರಿನ ಗುಡಿ ನಕ್ಷತ್ರದ ಆಕಾರದಲ್ಲಿದೆ ಅಂತ ಶಾಲೆಯಲ್ಲಿ ಬ್ರೈಲ್ ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಕಳೆದ ಡಿಸೆಂಬರ್‌ನಲ್ಲಿ, ಅಕ್ಕನ ಮೊಣಕೈ ಹಿಡಿದು ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಕಟ್ಟೆಯ ಮೇಲೆ, ಒಂದು ಸುತ್ತು ಬಂದಾಗ. ಒಂದೆರಡು ಹೆಜ್ಜೆ, ಒಂದು ತಿರುವು. ಮತ್ತೆರಡು ಹೆಜ್ಜೆ, ಇನ್ನೊಂದು ತಿರುವು. ಗೋಡೆ ಒಳಗೆ ಹೋದಲ್ಲಿ ಅಕ್ಕನೂ ಒಳಗೆ, ಹೊರಗೆ ಬಂದಲ್ಲಿ ಹೊರಗೆ. ಮೈಯೇ ಆ ಆಕಾರ ಕಲಿತುಬಿಟ್ಟಿತು. ನೀವು ಹೋದರೆ ಈ ಸುತ್ತನ್ನು ತಪ್ಪಿಸಬೇಡಿ. ಜೊತೆಗಿರುವವರಿಗೆ ನೇರವಾಗಿ ನಡೆಯಬೇಡಿ, ಗೋಡೆ ಹೋದ ಹಾಗೆ ಹೋಗಿ ಅಂತ ಮೊದಲೇ ಹೇಳಿ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮೈಸೂರಿನಲ್ಲಿದ್ದೇನೆ. ಎರಡು ದಿನದ ರಜೆ ಸಿಕ್ಕಿತು, ಅಕ್ಕ ಜೊತೆಗೆ ಬಂದಳು.

ಮೈಸೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋದೆವು. ಪೂರ್ತಿ ಕಣ್ಣು ಕಾಣದವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ. 75 ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ಸಿಗುತ್ತದೆ. ರೈಲ್ವೆಯ ಗುರುತಿನ ಚೀಟಿ ಮಾಡಿಸಿಕೊಂಡಿದ್ದರೆ ಮನೆಯಲ್ಲೇ ಕೂತು ಟಿಕೆಟ್ ತೆಗೆಯಬಹುದು. ಅದಕ್ಕೆ ಓಡಾಟ ಇದೆ, ಹೊರಡುವ ವಾರ ಶುರು ಮಾಡಿದರೆ ಆಗುವುದಿಲ್ಲ. ಯಾವ ಊರು ಬಂತು ಅಂತ ತಿಳಿಯಲು ‘ವೇರ್ ಈಸ್ ಮೈ ಟ್ರೇನ್’ ಆ್ಯಪ್ ಇಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ಅದು ಜಾಗ ಹೇಳುತ್ತದೆ. ಕೃಷ್ಣರಾಜನಗರ, ಹೊಳೆನರಸೀಪುರ ಅಂತ ಟಾಕ್‌ಬ್ಯಾಕ್ (ಫೋನಿನ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ಸೌಲಭ್ಯ) ಓದುತ್ತಿದ್ದರೆ ಪಕ್ಕದವರನ್ನು ಪದೇಪದೇ ಕೇಳುವ ಮುಜುಗರ ಇಲ್ಲ.

ಬಸ್ ನಿಲ್ದಾಣದ ವಿಷಯ ಬೇರೆ. ಫೋನಿನ ಕ್ಯಾಮೆರಾದಿಂದ ಬಸ್ಸಿನ ಬೋರ್ಡ್ ಓದಿಸಬಹುದು ಅಂತ ಹೇಳುವವರಿದ್ದಾರೆ. ನಾನು ಪ್ರಯತ್ನ ಮಾಡಿದೆ. ಫೋನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಜನರನ್ನೇ ಕೇಳಿ. ಆದರೆ ಕೇಳುವುದರಲ್ಲೂ ಒಂದು ರೀತಿ ಇದೆ. “ಇದು ಬೇಲೂರಿಗೆ ಹೋಗುತ್ತಾ?” ಅಂದರೆ ಗಡಿಬಿಡಿಯಲ್ಲಿ ಹೂಂ ಅನ್ನುವವರು ಜಾಸ್ತಿ. “ಈ ಬಸ್ಸು ಎಲ್ಲಿಗೆ?” ಅಂತ ಕೇಳಿ. ಆಗ ಊರಿನ ಹೆಸರು ಅವರ ಬಾಯಿಂದಲೇ ಬರಬೇಕು. ಹತ್ತಿದ ಮೇಲೆ ಕಂಡಕ್ಟರ್ ಹತ್ತಿರ ಇನ್ನೊಮ್ಮೆ ಕೇಳಿ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಹಳೇಬೀಡಿಗೆ 16. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಖರ್ಚು ಇಲ್ಲ, ಆಧಾರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡರೆ ಸಾಕು.

ಹಣದ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗಿನ 100, 200, 500ರ ನೋಟುಗಳ ಅಗಲ ಒಂದೇ, ಉದ್ದದಲ್ಲಿ ತಲಾ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ಅಂಚಿನಲ್ಲಿ ಉಬ್ಬಿದ ಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ಚುಕ್ಕೆ, ಐನೂರಕ್ಕೆ ಐದು. ಹೊಸ ನೋಟಾದರೆ ಬೆರಳಿಗೆ ಸಿಗುತ್ತವೆ, ಸಂತೆ ಸುತ್ತಿ ಬಂದ ನೋಟಾದರೆ ಸಿಗುವುದಿಲ್ಲ. ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಆದರೂ ನಾನು ರಾತ್ರಿಯೇ ನೋಟುಗಳನ್ನು ಬೇರೆಬೇರೆ ಥರ ಮಡಚಿ ಇಟ್ಟುಕೊಳ್ಳುತ್ತೇನೆ. ನೂರು ಮಡಚುವುದಿಲ್ಲ, ಇನ್ನೂರು ಅರ್ಧಕ್ಕೆ, ಐನೂರು ಕಾಲಿಗೆ. ಚಹಾ ಅಂಗಡಿಯಲ್ಲಿ ಯುಪಿಐ ಮಾಡಿದರೆ ಅವರ ಸ್ಪೀಕರ್ ಡಬ್ಬಿ ಎಷ್ಟು ರೂಪಾಯಿ ಬಂತು ಅಂತ ಗಟ್ಟಿಯಾಗಿ ಹೇಳುತ್ತದೆ. ಅದನ್ನು ಅಂಗಡಿಯವರಿಗಾಗಿ ಮಾಡಿದ್ದು. ನನಗೆ ಅದರಷ್ಟು ನೆಮ್ಮದಿ ಕೊಡುವ ಸಾಧನ ಇನ್ನೊಂದಿಲ್ಲ.

ಬೇಲೂರಿನಲ್ಲಿ ಎಚ್ಚರ ಬೇಕಾದದ್ದು ಜಗತಿಯ ಮೇಲೆ. ಗುಡಿ ಎತ್ತರದ ಕಟ್ಟೆಯ ಮೇಲಿದೆ, ಕಟ್ಟೆಯ ಅಂಚಿನಿಂದ ಕೆಳಗೆ ಬಿದ್ದರೆ ಕಾಲು ಮುರಿಯುವುದು ಖಂಡಿತ. ನನ್ನ ಹತ್ತಿರ ಇರುವುದು ಸ್ಮಾರ್ಟ್‌ಕೇನ್. ದೆಹಲಿಯ ಐಐಟಿಯವರು ರೂಪಿಸಿದ್ದು, 2014ರಲ್ಲಿ ಹೊರಗೆ ಬಂತು. ಅದರ ಹಿಡಿ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ಮುಂದೆ ಏನಾದರೂ ಅಡ್ಡ ಇದ್ದರೆ ನಡುಗುತ್ತದೆ. ನಿಂತ ಲಾರಿಯ ಹಿಂಭಾಗ, ಬಾಗಿದ ಕೊಂಬೆ, ಇಂಥವಕ್ಕೆ ಅದು ಬಹಳ ಒಳ್ಳೆಯದು. ಆದರೆ ನೆಲ ಕೆಳಗೆ ಇಳಿಯುವುದನ್ನು ಆ ನಡುಕ ಹೇಳುವುದಿಲ್ಲ. ಅದನ್ನು ಹೇಳುವುದು ಕೋಲಿನ ತುದಿ ಮಾತ್ರ. ಇದು ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಫೋನಿನಲ್ಲಿ ಶಿಲ್ಪದ ವಿವರ ಕೇಳುತ್ತಾ, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿಂದಕ್ಕೆ ಹೆಜ್ಜೆ ಹಾಕಿಬಿಟ್ಟೆ. ಅಕ್ಕ ತೋಳು ಹಿಡಿದು ಎಳೆದಳು. ಅರ್ಧ ಗಂಟೆ ನನ್ನ ಕಾಲು ನಡುಗುತ್ತಿತ್ತು. ಫೋನು ಕೈಯಲ್ಲಿದ್ದಾಗ ನಿಂತಲ್ಲೇ ನಿಲ್ಲಿ. ನಡೆಯುವಾಗ ಫೋನು ಚೀಲದೊಳಗೆ. ಗೋಡೆಯ ಕಡೆ ನೀವಿರಿ, ಅಂಚಿನ ಕಡೆ ಕಣ್ಣಿರುವವರು ಇರಲಿ.

ಒಳಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಳು, ಕತ್ತಲಿಗೆ ಕಣ್ಣು ಹೊಂದಿಕೊಳ್ಳಬೇಕಂತೆ. ನನಗೆ ಆ ತೊಂದರೆ ಇರಲಿಲ್ಲ. ಕಲ್ಲು ಥಟ್ಟನೆ ತಣ್ಣಗಾಯಿತು, ಮಾತಿನ ದನಿ ಬದಲಾಯಿತು. ಆದರೆ ನವರಂಗದ, ಅಂದರೆ ಒಳಗಿನ ಕಂಬಗಳ ಮಂಟಪದ, ನಡುವೆ ನೆಲದಿಂದ ಎತ್ತರಿಸಿದ ದುಂಡನೆಯ ಕಲ್ಲಿನ ವೇದಿಕೆ ಇದೆ, ಎಡವುವುದು ಅಲ್ಲೇ. ಶಾಂತಲೆ ನರ್ತಿಸಿದ ಜಾಗ ಅಂತ ಗೈಡ್ ಹೇಳಿದರು. ಕೋಲಿನಿಂದ ಮೊದಲು ಅದರ ಸುತ್ತಳತೆ ಹುಡುಕಿಕೊಳ್ಳಿ.

ಕೋಲಿನ ವಿಚಾರ ಇನ್ನೊಂದಿದೆ. ದಾರಿಯಲ್ಲಿ ಹೊಕ್ಕ ಒಂದು ಚಿಕ್ಕ ಗುಡಿಯಲ್ಲಿ, ಚಪ್ಪಲಿಯ ಜೊತೆ ಕೋಲನ್ನೂ ಹೊರಗೆ ಬಿಡಿ ಅಂದರು. ನನಗೆ ತುಂಬಾ ನೋವಾಯಿತು. ಕೋಲು ನನ್ನ ಕಣ್ಣು, ಅದನ್ನು ಬಾಗಿಲಲ್ಲಿ ಇಟ್ಟು ಒಳಗೆ ಬಾ ಅಂದರೆ ಹೇಗೆ? ಚೀಲದಿಂದ ಬಟ್ಟೆ ತೆಗೆದು ಅವರ ಮುಂದೆಯೇ ತುದಿ ಒರೆಸಿ, ಸಮಾಧಾನದಿಂದ ವಿವರಿಸಿದೆ. ಆಮೇಲೆ ಬಿಟ್ಟರು. ಒಂದು ಒದ್ದೆ ಬಟ್ಟೆ ಜೊತೆಗಿರಲಿ. ಇನ್ನೊಬ್ಬರಿಗೆ ಅರ್ಥ ಮಾಡಿಸುವ ಹೊರೆ ನಮ್ಮ ಮೇಲೇ ಯಾಕೆ ಅಂತ ಅನ್ನಿಸಿದ್ದೂ ನಿಜ.

ಈಗ ಶಿಲ್ಪಗಳು. ಮುಟ್ಟಿ ನೋಡುವ ಆಸೆ ನಮಗೆಲ್ಲ ಇರುತ್ತದೆ, ಅಲ್ವಾ? ನಾನು ಮುಟ್ಟಲಿಲ್ಲ. ಅದು ಬಳಪದ ಕಲ್ಲು, ಕಲ್ಲುಗಳಲ್ಲೆಲ್ಲ ಮೆತ್ತನೆಯದು. ಅಷ್ಟು ಸಣ್ಣ ಕೆತ್ತನೆ ಆಗಿದ್ದೂ ಅದಕ್ಕೇ. ಸಾವಿರಾರು ಕೈ ತಾಗಿದರೆ ಸವೆಯುತ್ತದೆ. ಬದಲಿಗೆ ಏನು ಮಾಡಬಹುದು ಅಂತ ಹೇಳುತ್ತೇನೆ.

ಫೋನಿನ ಆ್ಯಪ್‌ಗೆ ಫೋಟೊ ಕೊಟ್ಟರೆ “ಆಭರಣ ತೊಟ್ಟ ಹೆಂಗಸಿನ ಕಲ್ಲಿನ ಮೂರ್ತಿ” ಅಂತ ಹೇಳಿತು. ಇಲ್ಲಿನ ಎಲ್ಲ ಮದನಿಕೆಯರಿಗೂ ಅದು ಒಪ್ಪುತ್ತದೆ. ಗೈಡ್ ಹಾಗಲ್ಲ. “ಮೇಡಂ, ನಿಮಗೆ ಒಪ್ಪಿಗೆಯಾದರೆ ನೀವೇ ದರ್ಪಣ ಸುಂದರಿಯ ಹಾಗೆ ನಿಲ್ಲಿ” ಅಂದರು. ಅವರು ಹೇಳಿದ ಹಾಗೆ ಅಕ್ಕ ನನ್ನ ಸೊಂಟ ಒಂದು ಕಡೆ ಬಾಗಿಸಿದಳು, ಒಂದು ಮೊಣಕಾಲು ಮಡಿಸಿದಳು, ಕೈಯಲ್ಲಿ ಫೋನನ್ನೇ ಕನ್ನಡಿಯಾಗಿ ಹಿಡಿಸಿ ಮುಖ ಅತ್ತ ತಿರುಗಿಸಿದಳು. ಒಂದು ನಿಮಿಷ ನಿಲ್ಲುವುದೇ ಕಷ್ಟ. ಅವಳು 1117ರಿಂದ ನಿಂತಿದ್ದಾಳೆ. ಗೈಡ್ ಗೊತ್ತು ಮಾಡುವಾಗಲೇ ಹೇಳಿ: ಕಥೆ ಕಡಿಮೆ ಸಾಕು, ಕೈಕಾಲು ಹೇಗಿವೆ ಅಂತ ಹೇಳಿ.

ಹಳೇಬೀಡಿನಲ್ಲಿ ಗುಡಿಯ ಗೋಡೆಯ ಕೆತ್ತನೆಯ ಪಟ್ಟಿಗಳನ್ನು ನನ್ನ ಮೈಮೇಲೇ ಅಳೆದುಕೊಂಡೆವು. ತೀರಾ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು, ಮಕರ, ಹಂಸ. ಅಕ್ಕ ಒಂದೊಂದು ಪಟ್ಟಿಗೂ ನನ್ನ ಕಾಲು, ಸೊಂಟ, ಎದೆ ತಟ್ಟಿ ಎತ್ತರ ತೋರಿಸಿದಳು. ಭಾರ ಹೊರುವ ಆನೆ ಕೆಳಗೆ, ಹಗುರ ಹಂಸ ಮೇಲೆ. ಇದು ಬಾಯಿಮಾತಿನಲ್ಲಿ ಕೇಳಿದ್ದರೆ ಮರೆತುಹೋಗುತ್ತಿತ್ತು.

ಗುಡಿಯ ಹೊರಗೆ ಬಳಪದ ಕಲ್ಲಿನ ಸಣ್ಣ ಮೂರ್ತಿ ಮಾರುತ್ತಾರೆ. ಕೊಳ್ಳುವ ಮೊದಲು ಬೆರಳಾಡಿಸಿ ನೋಡಬಹುದಾ ಅಂತ ಕೇಳಿದೆ. ಅಂಗಡಿಯವರು ಸ್ಟೂಲ್ ಹಾಕಿ ಕೂರಿಸಿ, ಒಂದೊಂದೇ ಮೂರ್ತಿ ಮಡಿಲಿಗೆ ಕೊಟ್ಟರು. ಮದನಿಕೆಯ ಜಡೆ, ನಂದಿಯ ಕೊರಳಿನ ಗಂಟೆಯ ಸರ, ಆನೆಯ ಕಾಲಿನ ಗೆಜ್ಜೆ, ಎಲ್ಲ ಅಲ್ಲೇ ತಿಳಿಯಿತು. ಮೊದಲು ಈ ಅಂಗಡಿಗೆ ಹೋಗಿ, ಆಮೇಲೆ ಗುಡಿಗೆ ಹೋಗಿ. ನಾವು ಉಲ್ಟಾ ಮಾಡಿದೆವು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಲಾಡ್ಜ್‌ನ ಲಿಫ್ಟ್‌ನಲ್ಲಿ ಗುಂಡಿಗಳೇ ಇರಲಿಲ್ಲ, ನುಣ್ಣನೆಯ ಗಾಜಿನ ಫಲಕ. ಎರಡು ದಿನವೂ ಅಕ್ಕ ಇಲ್ಲದೆ ಕೆಳಗೆ ಇಳಿಯಲು ಆಗಲಿಲ್ಲ. ರೂಮ್ ಬುಕ್ ಮಾಡುವಾಗ ಇದನ್ನು ಕೇಳಿ, ಇಲ್ಲವೇ ನೆಲಮಹಡಿಯ ರೂಮ್ ತೆಗೆದುಕೊಳ್ಳಿ. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಬರಿಗಾಲಲ್ಲಿ ಆತುರಪಟ್ಟರೆ ಹೆಜ್ಜೆ ತಪ್ಪುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಾತಾಡುವ ಫೋನು ಚಾರ್ಜ್ ಬೇಗ ತಿನ್ನುತ್ತದೆ, ಪವರ್ ಬ್ಯಾಂಕ್ ಬೇಕೇ ಬೇಕು. ಹಳೇಬೀಡಿನಲ್ಲಿ ಇಳಿಯುವಾಗಲೇ ಹಾಸನಕ್ಕೆ ಸಂಜೆಯ ಬಸ್ಸುಗಳ ಸಮಯವನ್ನು ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಅವರು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಆಮೇಲೆ ಹುಡುಕಾಟ ಇರುವುದಿಲ್ಲ.